ಬಳಸಿದ ಹೆಡ್‌ಫೋನಿಗೆ ಬೆಲೆ ಕಟ್ಟುವ ವಿದ್ಯೆ

‘ನಾಯ್ಸ್ ಕ್ಯಾನ್ಸಲಿಂಗ್’ ಎಂಬ ಹೆಸರಿನಲ್ಲಿ ಮಾರಾಟವಾಗುವ, ಹೊರಗಿನ ಸದ್ದನ್ನು ಅಡಗಿಸಬಲ್ಲ ವೈರ್‌ಲೆಸ್ ಹೆಡ್‌ಫೋನ್ ಸಂಗೀತದ ಸಾಧನವೆಂದು ಹೆಸರಾಗಿದ್ದರೂ, ಯಾದಗಿರಿ, ಶಹಾಪುರ, ಸುರಪುರಗಳಂಥ ಊರುಗಳಲ್ಲಿ ಅದರ ನಿಜವಾದ ಉಪಯೋಗವಿರುವುದು ಬಾಡಿಗೆ ಕೋಣೆಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಮತ್ತು ಬೆಂಗಳೂರು, ಪುಣೆ, ಹೈದರಾಬಾದುಗಳಿಗೆ ರಾತ್ರಿಯಿಡೀ ಪ್ರಯಾಣ ಮಾಡುವವರಿಗೆ. ಹೊಸದರ ಬೆಲೆ ಇಂಥವರ ಕೈಗೆ ಎಟುಕುವುದು ಕಷ್ಟವಾದ್ದರಿಂದ, ನಗರದಲ್ಲಿ ನೌಕರಿಗಿರುವ ಅಣ್ಣನೋ ಗೆಳೆಯನೋ ಬಳಸಿ ಬಿಟ್ಟದ್ದು, ಇಲ್ಲವೇ ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಪೇಟೆಯಿಂದ ಕೊಂಡು ತಂದದ್ದು ಅವರ ಪಾಲಿಗೆ ಒದಗುತ್ತದೆ. ಅದು ಅಸಲಿಯೋ ನಕಲಿಯೋ, ಇನ್ನೆಷ್ಟು ದಿನ ಬಾಳೀತು, ಎಷ್ಟು ಕೊಟ್ಟರೆ ನ್ಯಾಯ ಎಂಬುದನ್ನು ಹೇಳಬಲ್ಲವರು ಬಸ್ ನಿಲ್ದಾಣದ ಆಸುಪಾಸಿನ ಮೊಬೈಲ್ ರಿಪೇರಿಯವರು. ಈ ಬೆಲೆ ಕಟ್ಟುವ ಕೆಲಸಕ್ಕೆ ಒಂದು ಕಸುಬಿನ ಗೌರವ ಇನ್ನೂ ದಕ್ಕಿಲ್ಲ.

ಸಾಧನದ ತತ್ತ್ವ ಸರಳವಾದುದು. ಶಬ್ದವೆಂದರೆ ಗಾಳಿಯ ಒತ್ತಡದ ಏರಿಳಿತ. ಕಿವಿಯನ್ನು ಮುಚ್ಚುವ ಬಟ್ಟಲುಗಳ ಹೊರಗೂ ಒಳಗೂ ಇರುವ ಸಣ್ಣ ಮೈಕುಗಳು ಈ ಏರಿಳಿತವನ್ನು ಗ್ರಹಿಸಿದ ಕ್ಷಣದಲ್ಲೇ ಒಳಗಿನ ಚಿಪ್ ಏರಿಗೆ ಇಳಿತವನ್ನೂ ಇಳಿತಕ್ಕೆ ಏರನ್ನೂ ಹುಟ್ಟಿಸಿ ಸ್ಪೀಕರಿಗೆ ಕಳಿಸುತ್ತದೆ, ಎರಡು ಅಲೆಗಳೂ ಕಿವಿಯ ಬಳಿ ಸೇರಿ ಒಂದನ್ನೊಂದು ಅಳಿಸುತ್ತವೆ. ಒಂದೇ ಸಮನೆ ಕೇಳುವ ತಗ್ಗು ಸ್ಥಾಯಿಯ ಸದ್ದು, ಅಂದರೆ ಬಸ್ಸಿನ ಎಂಜಿನ್, ರೈಲಿನ ಗಡಗಡ, ಫ್ಯಾನಿನ ಗುಂಯ್‌ಗುಡುವಿಕೆ, ಹೀಗೆ ಚೆನ್ನಾಗಿ ಅಳಿಯುತ್ತದೆ. ಮನುಷ್ಯರ ಮಾತು, ಮಗುವಿನ ಅಳು, ಬಸ್ಸಿನ ಹಾರ್ನ್ ಅಷ್ಟಾಗಿ ಅಳಿಯುವುದಿಲ್ಲ. ಪಕ್ಕದವರ ಮಾತು ಕೇಳಿಸುತ್ತದೆಂದು ಒಳ್ಳೆಯ ಹೆಡ್‌ಫೋನನ್ನು ಕೆಟ್ಟಿದೆಯೆಂದು ತಿರಸ್ಕರಿಸುವುದು ಈ ತತ್ತ್ವ ತಿಳಿಯದ್ದರಿಂದ ಆಗುವ ನಷ್ಟ.

ಆದ್ದರಿಂದ ಬಿಸಿಲು 40 ಡಿಗ್ರಿ ದಾಟುವ ಈ ಸೀಮೆಯ ಮನೆಮನೆಯಲ್ಲಿರುವ ಏರ್ ಕೂಲರೇ ಅತ್ಯುತ್ತಮ ಪರೀಕ್ಷಾ ಯಂತ್ರ. ಕೂಲರನ್ನು ಪೂರ್ಣ ವೇಗದಲ್ಲಿ ಓಡಿಸಿ, ಅದರ ಎದುರಿಗಲ್ಲದೆ ಮಗ್ಗುಲಲ್ಲಿ ಕೂರಬೇಕು. ಗಾಳಿ ನೇರವಾಗಿ ಮೈಕಿಗೆ ಬಡಿದರೆ ಅದೇ ಒಂದು ಸದ್ದಾಗಿ ಪರೀಕ್ಷೆ ಕೆಡುತ್ತದೆ. ಹಾಡು ಹಾಕದೆ, ಮೊದಲು ಸದ್ದಡಗಿಸುವ ಸೌಲಭ್ಯವನ್ನು ಆರಿಸಿ ಒಂದು ನಿಮಿಷ, ಅನಂತರ ಚಾಲೂ ಮಾಡಿ ಒಂದು ನಿಮಿಷ ಕೇಳಿದಾಗ ಮೋಟಾರಿನ ಗುಂಯ್‌ಗುಡುವಿಕೆ ಬಹುಮಟ್ಟಿಗೆ ಅಡಗಿ, ನೀರು ತೊಟ್ಟಿಕ್ಕುವ ಸಣ್ಣ ಸದ್ದು ಮಾತ್ರ ಉಳಿದರೆ ಸಾಧನ ಸರಿಯಿದೆ. ಒಂದು ಕಿವಿಯಲ್ಲಿ ಹೆಚ್ಚು ಸದ್ದು ಕೇಳಿದರೆ ಎಡಬಲ ತಿರುಗಿಸಿ ಹಾಕಿಕೊಳ್ಳಬೇಕು. ದೋಷವೂ ಜತೆಯಲ್ಲೇ ತಿರುಗಿ ಇನ್ನೊಂದು ಕಿವಿಗೆ ಬಂದರೆ ಅದು ಹೆಡ್‌ಫೋನಿನದು, ಬಾರದಿದ್ದರೆ ಕಿವಿಯದು. ಬಟ್ಟಲನ್ನು ಮೆಲ್ಲಗೆ ಒತ್ತಿದಾಗ ಒಂದೇ ಬದಿಯಲ್ಲಿ ಕಿರ್ ಎಂಬ ಸದ್ದು ಬಂದರೆ ಆ ಬದಿಯ ಮೈಕು ಅಥವಾ ಕುಶನ್ ಕೆಟ್ಟಿದೆಯೆಂಬ ಅನುಮಾನಕ್ಕೆ ಎಡೆಯುಂಟು. ಇಷ್ಟಕ್ಕೆ ಯಾವ ಉಪಕರಣವೂ ಬೇಡ, ಆದರೆ ಗಮನವಿಟ್ಟು ಕೇಳುವ ಅಭ್ಯಾಸ ಬೇಕು.

ಸದ್ದಡಗಿಸುವ ಈ ವಿದ್ಯೆಯ ಚರಿತ್ರೆಯಲ್ಲಿ ರಿಪೇರಿ ಕಸುಬಿನವರು ಅಭಿಮಾನ ಪಡಬೇಕಾದ ಒಂದು ಅಧ್ಯಾಯವಿದೆ. ಸದ್ದಿನಿಂದ ಸದ್ದನ್ನು ಅಳಿಸುವ ಕಲ್ಪನೆಗೆ ಜರ್ಮನಿಯ ಪೌಲ್ ಲ್ಯೂಗ್ ಅವರಿಗೆ 1936ರಲ್ಲೇ ಅಮೆರಿಕದ ಪೇಟೆಂಟ್ ದೊರೆತಿತ್ತಾದರೂ, ಅದನ್ನು ಪ್ರಯಾಣಿಕರ ಕಿವಿಗೆ ಮುಟ್ಟಿಸಿದವರಲ್ಲಿ ಮುಖ್ಯರು ಅಮರ್ ಬೋಸ್. ಅವರ ತಂದೆ ನೋನಿ ಗೋಪಾಲ್ ಬೋಸ್ ಬ್ರಿಟಿಷರ ವಿರುದ್ಧದ ಹೋರಾಟದಲ್ಲಿ ತೊಡಗಿ, ಬಂಗಾಳ ಬಿಟ್ಟು ಅಮೆರಿಕ ಸೇರಿದವರು. 1929ರಲ್ಲಿ ಫಿಲಡೆಲ್ಫಿಯದಲ್ಲಿ ಹುಟ್ಟಿದ ಅಮರ್, ಎರಡನೆಯ ಮಹಾಯುದ್ಧದ ಕಾಲದಲ್ಲಿ ಮನೆಯ ವರಮಾನ ಕುಸಿದಾಗ, ಇನ್ನೂ ಶಾಲೆಯಲ್ಲಿದ್ದಾಗಲೇ ಕೆಟ್ಟ ರೇಡಿಯೊಗಳನ್ನು ರಿಪೇರಿ ಮಾಡಿ ಸಂಸಾರಕ್ಕೆ ಆಸರೆಯಾದರು. ಜಗತ್ತಿನ ದೊಡ್ಡ ಶಬ್ದತಂತ್ರಜ್ಞರಲ್ಲೊಬ್ಬರ ಮೊದಲ ಪಾಠಶಾಲೆ ರಿಪೇರಿಯ ಮೇಜೇ ಆಗಿತ್ತು. ಮುಂದೆ ಎಂ.ಐ.ಟಿ.ಯಲ್ಲಿ ಪ್ರಾಧ್ಯಾಪಕರಾಗಿ, 1964ರಲ್ಲಿ ತಮ್ಮ ಹೆಸರಿನ ಕಂಪನಿಯನ್ನು ಸ್ಥಾಪಿಸಿದ ಅವರು, 1978ರಲ್ಲಿ ಜ್ಯೂರಿಕ್‌ನಿಂದ ಬಾಸ್ಟನ್‌ಗೆ ಹೊರಟ ವಿಮಾನದಲ್ಲಿ ಕೊಟ್ಟ ಹೆಡ್‌ಫೋನಿನ ಹಾಡು ಎಂಜಿನ್ನಿನ ಸದ್ದಿನಲ್ಲಿ ಮುಳುಗಿಹೋದುದನ್ನು ಕಂಡು, ಇಳಿಯುವ ಮೊದಲೇ ಪರಿಹಾರದ ಲೆಕ್ಕಾಚಾರವನ್ನು ಕಾಗದದ ಮೇಲೆ ಆರಂಭಿಸಿದ್ದರು. 1986ರಲ್ಲಿ ಎಲ್ಲಿಯೂ ಇಳಿಯದೆ ಭೂಮಿಯನ್ನು ಸುತ್ತಿದ ‘ವಾಯೇಜರ್’ ವಿಮಾನದ ಚಾಲಕರ ಕಿವಿಯನ್ನು ಕಾಪಾಡಿದ್ದು ಈ ಸಂಶೋಧನೆಯ ಮಾದರಿಯೇ. ಸಾಮಾನ್ಯ ಗ್ರಾಹಕರಿಗೆ ಅದು ದೊರೆತದ್ದು 2000ದ ಹೊತ್ತಿಗೆ. 2011ರಲ್ಲಿ ಕಂಪನಿಯ ಬಹುಪಾಲು ಷೇರುಗಳನ್ನು ತಮ್ಮ ವಿದ್ಯಾಸಂಸ್ಥೆಗೆ ಕೊಟ್ಟ ಅಮರ್ ಬೋಸ್ 2013ರಲ್ಲಿ ತೀರಿಕೊಂಡರು.

ಬೆಲೆ ಕಟ್ಟುವಾಗ ಮೊದಲು ನೋಡಬೇಕಾದುದು ಚಾರ್ಜಿಂಗ್ ಪಿನ್ನು. ಹಲ್ಲು ನೋಡಿ ಎತ್ತಿನ ವಯಸ್ಸು ಹೇಳುವಂತೆ ಇದನ್ನು ನೋಡಿ ಸಾಧನದ ತಲೆಮಾರನ್ನು ಹೇಳಬಹುದು. ಬೋಸ್ ಕಂಪನಿಯ ಕ್ಯೂಸಿ-35ಕ್ಕೆ ಹಳೆಯ ಮೈಕ್ರೊ ಯುಎಸ್‌ಬಿ ಇದ್ದರೆ, 2018ರ ಸೋನಿ ಎಕ್ಸ್‌ಎಂ-3 ಮತ್ತು 2020ರ ಎಕ್ಸ್‌ಎಂ-4ಕ್ಕೆ ಟೈಪ್-ಸಿ ಇದೆ. ‘ಫಸ್ಟ್ ಕಾಪಿ’ ಎಂದು ಕರೆಯುವ ನಕಲಿಯನ್ನು ಹಿಡಿಯಲು ಕಂಪನಿಯ ಆ್ಯಪ್ ಸಹಾಯಕ್ಕೆ ಬರುತ್ತದೆ, ನಕಲಿಯು ಸಾಮಾನ್ಯವಾಗಿ ಅದಕ್ಕೆ ಜೋಡಣೆಯಾಗುವುದಿಲ್ಲ. ತಕ್ಕಡಿಯೂ ನೆರವಾಗುತ್ತದೆ, ಏಕೆಂದರೆ ಎಕ್ಸ್‌ಎಂ-4ರ ತೂಕ 254 ಗ್ರಾಂ ಎಂದು ಕಂಪನಿಯೇ ಹೇಳಿದೆ. ಆಪಲ್ ಕಂಪನಿಯದಾದರೆ ಹಿಂದಿನ ಮಾಲೀಕರು ತಮ್ಮ ಖಾತೆಯಿಂದ ಅದನ್ನು ತೆಗೆದುಹಾಕಿರುವುದನ್ನು ಖಚಿತಪಡಿಸಿಕೊಳ್ಳಬೇಕು. ಮೊಬೈಲಿಗಿರುವ ಐಎಂಇಐ ಸಂಖ್ಯೆ ಹೆಡ್‌ಫೋನಿಗೆ ಇಲ್ಲದ್ದರಿಂದಲೂ, ಕಳವಿನ ಮಾಲನ್ನು ತಿಳಿದೂ ಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 317ನೆಯ ಕಲಮಿನಡಿ ಅಪರಾಧವಾದ್ದರಿಂದಲೂ, ಬಾಕ್ಸಿನ ಮೇಲಿನ ಸೀರಿಯಲ್ ಸಂಖ್ಯೆಗೆ ತಾಳೆಯಾಗುವ ಬಿಲ್ ಕೇಳುವುದು ಕ್ಷೇಮ.

ಬ್ಯಾಟರಿಯ ವಿಷಯದಲ್ಲಿ ತಪ್ಪು ತಿಳಿವಳಿಕೆಯೇ ಹೆಚ್ಚು. ಲಿಥಿಯಂ ಬ್ಯಾಟರಿಯು ಸುಮಾರು 300ರಿಂದ 500 ಸಲ ಪೂರ್ತಿ ಬರಿದಾಗಿ ತುಂಬುವಷ್ಟರಲ್ಲಿ ತನ್ನ ಶಕ್ತಿಯ ಐದನೆಯ ಒಂದು ಭಾಗವನ್ನು ಕಳೆದುಕೊಳ್ಳುತ್ತದೆ. ಒಂದು ಚಾರ್ಜಿಗೆ 30 ಗಂಟೆ ಓಡುವ ದೊಡ್ಡ ಹೆಡ್‌ಫೋನಿಗೆ 500 ಸಲ ಎಂದರೆ 15,000 ಗಂಟೆ, ಅಂದರೆ ದಿನಕ್ಕೆ ನಾಲ್ಕು ಗಂಟೆಯಂತೆ ಹತ್ತು ವರ್ಷ. ಕಿವಿಯೊಳಗೆ ಸಿಕ್ಕಿಸುವ, ಆರು ಗಂಟೆ ಓಡುವ ಇಯರ್‌ಬಡ್‌ಗೆ ಅದೇ ಲೆಕ್ಕದಲ್ಲಿ ಎರಡೇ ವರ್ಷ. ಹಾಗಾಗಿ ಬಳಸಿದ ಇಯರ್‌ಬಡ್ ಕೊಳ್ಳಲೇಬಾರದು, ಬಳಸಿದ ದೊಡ್ಡ ಹೆಡ್‌ಫೋನನ್ನು ನೋಡಿ ಕೊಳ್ಳಬಹುದು. ದಿನವೂ ಬಳಸಿದ್ದಕ್ಕಿಂತ, ಬರಿದು ಮಾಡಿ ವರ್ಷಗಟ್ಟಲೆ ಕಪಾಟಿನಲ್ಲಿಟ್ಟದ್ದು, ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಟ್ಟದ್ದು ಹೆಚ್ಚು ಅಪಾಯದ್ದು. ಚಾರ್ಜ್ ಎಷ್ಟಿದೆಯೆಂಬುದನ್ನು ಅನೇಕ ಹೆಡ್‌ಫೋನ್‌ಗಳು ಹತ್ತು ಹತ್ತರ ಮೆಟ್ಟಿಲಲ್ಲೇ ತೋರಿಸುವುದರಿಂದ ಅರ್ಧ ಗಂಟೆಯ ಪರೀಕ್ಷೆ ಸಾಲದು. ಒಂದು ರಾತ್ರಿ ಮನೆಗೆ ಒಯ್ದು ಓಡಿಸಿ ನೋಡಲು ಮಾರುವವರು ಒಪ್ಪಬೇಕು.

ಬೆವರು ಮತ್ತು ಸೆಕೆಗೆ ಕಿವಿಯ ಕುಶನ್ ಸಿಪ್ಪೆ ಏಳುವುದು ಸಹಜ. ಅದು ನೋಡಲಷ್ಟೇ ಕೆಟ್ಟದ್ದಲ್ಲ, ಸಂದಿಯಿಂದ ತಗ್ಗು ಸದ್ದು ಒಳನುಗ್ಗುವುದರಿಂದ ಅಡಗಿಸುವ ಶಕ್ತಿಯೂ ಕುಗ್ಗುತ್ತದೆ; ಆದರೆ ಕುಶನ್ ಬದಲಿಸುವುದು ಸುಲಭವಾದ್ದರಿಂದ ಆ ಖರ್ಚನ್ನು ಬೆಲೆಯಲ್ಲಿ ಕಳೆದು ಕೊಂಡರಾಯಿತು. ಬೆಲೆಯನ್ನು ಹೋಲಿಸಬೇಕಾದದ್ದು ಬಾಕ್ಸಿನ ಮೇಲಿನ ಎಂ.ಆರ್.ಪಿ.ಗಲ್ಲ, ಇಂದು ಹೊಸದು ಸಿಗುವ ಬೆಲೆಗೆ. ಅದರಲ್ಲಿ ಕುಶನ್ ಮತ್ತು ಬ್ಯಾಟರಿ ಬದಲಾವಣೆಯ ಖರ್ಚನ್ನೂ ವಾರಂಟಿ ಇಲ್ಲದಿರುವ ನಷ್ಟವನ್ನೂ ಕಳೆದ ಮೇಲೆ, ವಾರಂಟಿ ಮುಗಿದ ಹೆಡ್‌ಫೋನಿಗೆ ಹೊಸದರ ಅರ್ಧಕ್ಕಿಂತ ಹೆಚ್ಚು ಕೊಡುವುದು ಸರಿಯೆನಿಸುವುದಿಲ್ಲ.

ರಿಪೇರಿಯವರ ಪಾಡು ಮಾತ್ರ ವರ್ಷದಿಂದ ವರ್ಷಕ್ಕೆ ಬಿಗಿಯಾಗುತ್ತಿದೆ. ವಾಲ್ವ್ ರೇಡಿಯೊ, ಟೇಪ್ ರೆಕಾರ್ಡರುಗಳ ಕಾಲದಲ್ಲಿ ಸ್ಕ್ರೂ ಬಿಚ್ಚಿದರೆ ಒಳಗಿನದೆಲ್ಲ ಕಣ್ಣಿಗೆ ಕಾಣುತ್ತಿತ್ತು, ಬಿಡಿಭಾಗ ಪೇಟೆಯಲ್ಲಿ ಸಿಗುತ್ತಿತ್ತು. ಇಂದಿನ ಸಾಧನಗಳನ್ನು ಅಂಟು ಹಾಕಿ ಮುಚ್ಚಿರುತ್ತಾರೆ, ಅಸಲಿ ಬ್ಯಾಟರಿ ಬಿಡಿಯಾಗಿ ದೊರೆಯುವುದು ಕಷ್ಟ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು ‘ರಿಪೇರಿಯ ಹಕ್ಕು’ ಪೋರ್ಟಲನ್ನು ಆರಂಭಿಸಿದೆ. ಯುರೋಪಿನ ಒಕ್ಕೂಟದಲ್ಲಿ 2027ರ ಫೆಬ್ರುವರಿಯಿಂದ ಇಂಥ ಸಾಧನಗಳ ಬ್ಯಾಟರಿಯನ್ನು ಬಳಕೆದಾರರೇ ಬದಲಿಸುವಂತಿರಬೇಕೆಂಬ ನಿಯಮ ಜಾರಿಗೆ ಬರಲಿದೆ. ಅಂಥದೇ ಕಟ್ಟುನಿಟ್ಟಿನ ನಿಯಮ ಇಲ್ಲಿಯೂ ಬರಬೇಕು. ಅಲ್ಲಿಯವರೆಗೆ ಯಾದಗಿರಿಯಲ್ಲಾಗಲಿ ಸುರಪುರದಲ್ಲಾಗಲಿ ಬಳಸಿದ ಹೆಡ್‌ಫೋನ್ ಕೊಳ್ಳುವವರು ಹಣ ಎಣಿಸುವ ಮೊದಲು ಅದನ್ನು ಊರಿನ ರಿಪೇರಿಯವರಿಗೆ ತೋರಿಸಬೇಕು, ತೋರಿಸಿದ ಮೇಲೆ ಕೊಂಡರೂ ಬಿಟ್ಟರೂ ಪರೀಕ್ಷೆಯ ಕೂಲಿಯನ್ನು ತಪ್ಪದೆ ಕೊಡಬೇಕು.