ಬಾನಿನಲ್ಲಿ ಗಣಿತದ ಪರೀಕ್ಷೆ

ಯಲಹಂಕದ ವಾಯುನೆಲೆಯಲ್ಲಿ 1996ರಿಂದ ನಡೆಯುತ್ತ ಬಂದಿರುವ ವೈಮಾನಿಕ ಪ್ರದರ್ಶನಕ್ಕೆ ಜನ ಸಾಗರೋಪಾದಿಯಲ್ಲಿ ಬರುತ್ತಾರೆ. ತೇಜಸ್ ವಿಮಾನವು ನೆತ್ತಿಯ ಮೇಲೆ ಮಗುಚಿ ಮೇಲೇರುವಾಗ ಅವರಿಗೆ ಕಾಣುವುದು ಚಾಲಕನ ಕೈಚಳಕ. ಅದರ ಹಿಂದಿರುವ ಸಮೀಕರಣಗಳ ಕಂತೆ ಕಣ್ಣಿಗೆ ಬೀಳುವಂಥದಲ್ಲ.

ವಿಮಾನವು ಹಾರುವ ಮೊದಲೇ ಅದರ ವರ್ತನೆಯನ್ನು ಗಣಿತದ ಭಾಷೆಯಲ್ಲಿ ಬರೆದಿಡಬೇಕಾಗುತ್ತದೆ. ಇದಕ್ಕೆ ಗಣಿತ ಪ್ರತಿರೂಪವೆನ್ನಬಹುದು. ಯಶವಂತಪುರಕ್ಕೆ ಸಮೀಪದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವಂತಹ ವಾಯುಸುರಂಗಗಳಲ್ಲಿ ವಿಮಾನದ ಚಿಕ್ಕ ಮಾದರಿಯನ್ನು ನಿಲ್ಲಿಸಿ, ಗಾಳಿ ಹಾಯಿಸಿ, ಅದರ ಮೇಲೆ ಬೀಳುವ ಬಲಗಳನ್ನು ಅಳೆಯುತ್ತಾರೆ. ಆ ಅಂಕಿಗಳೇ ಪ್ರತಿರೂಪಕ್ಕೆ ಆಧಾರ. ಆದರೆ ಸುರಂಗದ ಗಾಳಿ ಬಾನಿನ ಗಾಳಿಯಲ್ಲ; ಮಾದರಿಯು ವಿಮಾನವೂ ಅಲ್ಲ.

ತೇಜಸ್ಸಿನ ವಿಷಯದಲ್ಲಿ ಈ ಅಂತರವು ಪ್ರಾಣಕ್ಕೆ ಸಂಬಂಧಿಸಿದುದು. ಚುರುಕಾಗಿ ತಿರುಗಲೆಂದು ಅದನ್ನು ಬುದ್ಧಿಪೂರ್ವಕವಾಗಿಯೇ ಅಸ್ಥಿರವಾಗಿ ರಚಿಸಲಾಗಿದೆ. ಗಣಕಯಂತ್ರವು ಕ್ಷಣಕ್ಷಣಕ್ಕೂ ತಿದ್ದದಿದ್ದರೆ ಅದು ಹಾರಲಾರದು; ಗಣಕಯಂತ್ರವಾದರೋ ಪ್ರತಿರೂಪವನ್ನು ನಂಬಿ ರೂಪಿಸಿದ ನಿಯಮಗಳಂತೆ ತಿದ್ದುತ್ತದೆ. 2001ರ ಜನವರಿ 4ರಂದು ವಿಂಗ್ ಕಮಾಂಡರ್ ರಾಜೀವ್ ಕೋಥಿಯಾಲ್ ಬೆಂಗಳೂರಿನಲ್ಲಿ ಅದನ್ನು ಮೊದಲ ಸಲ ಮೇಲಕ್ಕೇರಿಸಿದಾಗ ನೆಚ್ಚಿದ್ದುದು, ಆ ವಿಮಾನದಲ್ಲಿ ಇನ್ನೂ ಒರೆಗೆ ಹಚ್ಚದಿದ್ದ ಗಣಿತವನ್ನು.

ಒರೆಗೆ ಹಚ್ಚುವ ಕ್ರಮ ಹೀಗೆ. ವಿಮಾನವು ನೇರವಾಗಿ ಸಾಗುತ್ತಿರುವಾಗ ಚಾಲಕನು ನಿಯಂತ್ರಣದ ಹಿಡಿಯನ್ನು ಥಟ್ಟನೆ ತುಸು ಎಳೆದು ಬಿಡುತ್ತಾನೆ. ವಿಮಾನದ ಮುಂತುದಿ ಎಷ್ಟು ಮೇಲೆದ್ದಿತು, ಎಷ್ಟು ಹೊತ್ತಿನಲ್ಲಿ ಮೊದಲಿನ ಸ್ಥಿತಿಗೆ ಬಂದಿತು ಎಂಬುದನ್ನು ಉಪಕರಣಗಳು ದಾಖಲಿಸುತ್ತವೆ. ಅದೇ ಎಳೆತವನ್ನು ಪ್ರತಿರೂಪಕ್ಕೂ ಕೊಟ್ಟು, ಎರಡು ವಕ್ರರೇಖೆಗಳನ್ನು ಒಂದರ ಮೇಲೊಂದಿಟ್ಟು ನೋಡುತ್ತಾರೆ. ರೇಖೆಗಳು ಕೂಡದಿದ್ದರೆ ತಿದ್ದಬೇಕಾದುದು ಪ್ರತಿರೂಪವನ್ನೇ. ತಿದ್ದಿದ ಮೇಲೆ ಬೇರೊಂದು ಹಾರಾಟದ ದಾಖಲೆಯೊಡನೆ ಹೋಲಿಸಬೇಕು. ತಿದ್ದಲು ಬಳಸಿದ ದಾಖಲೆಯನ್ನೇ ಸಾಕ್ಷಿಗೆ ಕರೆದರೆ, ಪುಸ್ತಕದ ಕೊನೆಯಲ್ಲಿ ಉತ್ತರ ನೋಡಿಕೊಂಡು ಲೆಕ್ಕ ಮಾಡಿದಂತೆ!

ಹಾರುವಾಗಲೇ ರೂಪ ಬದಲಿಸುವ ವಿಮಾನದಲ್ಲಿ ಈ ಕೆಲಸ ಇನ್ನೂ ತೊಡಕಿನದು. ಅಮೆರಿಕದ ಆಸ್ಪ್ರೇ ಎಂಬುದು ಹೆಲಿಕಾಪ್ಟರಿನಂತೆ ನೆಟ್ಟಗೆ ಮೇಲೇರಿ, ರೆಕ್ಕೆಯ ತುದಿಗಳಲ್ಲಿರುವ ರೋಟರುಗಳನ್ನು ಮುಂದಕ್ಕೆ ಬಾಗಿಸಿ, ವಿಮಾನದಂತೆ ಸಾಗುತ್ತದೆ. ರೋಟರು ಬಾಗಿದಂತೆಲ್ಲ ಅದರ ವರ್ತನೆಯೂ ಬದಲಾಗುತ್ತದೆ. 2000ದ ಏಪ್ರಿಲ್ 8ರಂದು ಅರಿಜೋನಾದಲ್ಲಿ, ರಭಸದಿಂದ ಇಳಿಯುತ್ತಿದ್ದ ಆಸ್ಪ್ರೇ ಒಂದರ ರೋಟರು ತಾನೇ ಕೆಳಕ್ಕೆ ತಳ್ಳಿದ ಗಾಳಿಯ ಸುಳಿಗೆ ಸಿಕ್ಕಿತು. ವಿಮಾನವು ಉರುಳಿ ಬಿದ್ದು 19 ಮಂದಿ ಮಡಿದರು. ಬಳಿಕ ಪರೀಕ್ಷಾ ಚಾಲಕರು ಬಹಳ ಎತ್ತರದಲ್ಲಿ, ಇಳಿಯುವ ವೇಗವನ್ನು ಹಂತಹಂತವಾಗಿ ಹೆಚ್ಚಿಸುತ್ತ, ಬೇಕೆಂದೇ ಆ ಸುಳಿಯನ್ನು ಹೊಕ್ಕು ಅದರ ಎಲ್ಲೆಯನ್ನು ಗುರುತಿಸಿದರು. ರೋಟರುಗಳನ್ನು ಮುಂದಕ್ಕೆ ಬಾಗಿಸಿದರೆ ಅದರಿಂದ ಹೊರಬರಬಹುದೆಂಬುದೂ ಆ ಹಾರಾಟಗಳಲ್ಲಿ ಖಚಿತವಾಯಿತು.