ಗುಜರಿಯ ತಕ್ಕಡಿಗೆ ಮುನ್ನ: ಹಳೆಯ ಆಸಿಲೋಸ್ಕೋಪುಗಳ ದುರಸ್ತಿ ಮತ್ತು ಪಾಲನೆ

ತಾಂತ್ರಿಕ ವಿದ್ಯಾಸಂಸ್ಥೆಗಳು, ಸಣ್ಣ ಕೈಗಾರಿಕೆಗಳು ಹಾಗೂ ಟಿ.ವಿ. ದುರಸ್ತಿ ಅಂಗಡಿಗಳು ಹಳೆಯ ಸಾಮಗ್ರಿಗಳನ್ನು ವಿಲೇವಾರಿ ಮಾಡುವಾಗ ಆಸಿಲೋಸ್ಕೋಪ್ ಎಂಬ ಉಪಕರಣವು ಸಾಮಾನ್ಯವಾಗಿ ತೂಕದ ಲೆಕ್ಕದಲ್ಲೇ ಹೋಗುತ್ತದೆ. ತಗಡಿಗೆ ಇಷ್ಟು, ತಾಮ್ರಕ್ಕೆ ಇಷ್ಟು ಎಂದು ಬೆಲೆ ಕಟ್ಟುವಾಗ ಅದರೊಳಗಿರುವ ಅಳೆಯುವ ಸಾಮರ್ಥ್ಯವು ಯಾರ ಗಣನೆಗೂ ಬರುವುದಿಲ್ಲ. ಹೀಗೆ ಹೋಗುವ ಯಂತ್ರಗಳಲ್ಲಿ ಅನೇಕವು ಕೆಲವೇ ರೂಪಾಯಿ ಬೆಲೆಯ ಒಂದು ಕೆಪಾಸಿಟರ್‌ನಿಂದಲೋ, ಕಿಲುಬು ಹಿಡಿದ ಒಂದು ಸ್ವಿಚ್ಚಿನಿಂದಲೋ ನಿಂತುಹೋದಂಥವು. ಇವುಗಳನ್ನು ಬಿಚ್ಚಿ ಸರಿಪಡಿಸುವುದನ್ನೇ ಹವ್ಯಾಸವಾಗಿಸಿಕೊಂಡವರು ಜಗತ್ತಿನ ಹಲವೆಡೆ ಇದ್ದಾರೆ. ಕುಂದಾಪುರ ಹಾಗೂ ಹಿಂದೆ ಅದೇ ತಾಲೂಕಿಗೆ ಸೇರಿದ್ದ ಬೈಂದೂರು, ಉಡುಪಿ ತಾಲೂಕಿಗೆ ಸೇರಿದ್ದ ಬ್ರಹ್ಮಾವರ – ಈ ಮೂರು ಕಡೆಗಳ ವರ್ತಕರಿಗೂ ಕುಶಲಕರ್ಮಿಗಳಿಗೂ ಈ ಹವ್ಯಾಸದಿಂದ ತಿಳಿದುಕೊಳ್ಳಬೇಕಾದುದು ಸಾಕಷ್ಟಿದೆ.

ಮಲ್ಟಿಮೀಟರ್ ವಿದ್ಯುತ್ತಿನ ಒತ್ತಡವನ್ನು ಒಂದು ಸಂಖ್ಯೆಯಾಗಿ ತಿಳಿಸಿದರೆ, ಆಸಿಲೋಸ್ಕೋಪ್ ಆ ಒತ್ತಡವು ಕ್ಷಣಕ್ಷಣಕ್ಕೆ ಹೇಗೆ ಏರಿಳಿಯುತ್ತಿದೆ ಎಂಬುದನ್ನು ಪರದೆಯ ಮೇಲೆ ಗೆರೆಯಾಗಿ ಬರೆದು ತೋರಿಸುತ್ತದೆ. ಇದಕ್ಕೆ ಮೂಲವಾದ ಕ್ಯಾಥೋಡ್ ಕಿರಣ ನಳಿಕೆಯನ್ನು 1897ರಲ್ಲಿ ನಿರ್ಮಿಸಿದವರು ಕಾರ್ಲ್ ಫರ್ಡಿನಾಂಡ್ ಬ್ರಾನ್. (ಮಾರ್ಕೋನಿಯವರೊಂದಿಗೆ 1909ರಲ್ಲಿ ಅವರಿಗೆ ನೊಬೆಲ್ ಬಹುಮಾನ ದೊರೆತದ್ದು ನಿಸ್ತಂತು ಸಂಶೋಧನೆಗಾಗಿ, ನಳಿಕೆಗಾಗಿ ಅಲ್ಲ.) ನಳಿಕೆಯ ಹಿಂಬದಿಯಿಂದ ಹೊರಟ ಇಲೆಕ್ಟ್ರಾನುಗಳ ಕಿರಣವು ಎರಡು ಜೊತೆ ಫಲಕಗಳ ನಡುವೆ ಹಾದುಬರುತ್ತದೆ. ಒಂದು ಜೊತೆ ಅದನ್ನು ಎಡದಿಂದ ಬಲಕ್ಕೆ ಸಮವೇಗದಲ್ಲಿ ಒಯ್ಯುತ್ತದೆ. ಇನ್ನೊಂದು ಜೊತೆ ಅಳೆಯಬೇಕಾದ ಸಂಕೇತಕ್ಕೆ ಅನುಗುಣವಾಗಿ ಮೇಲಕ್ಕೂ ಕೆಳಕ್ಕೂ ಸೆಳೆಯುತ್ತದೆ. ಪ್ರತಿ ಓಟವೂ ಸಂಕೇತದ ಒಂದೇ ಬಿಂದುವಿನಿಂದ ಆರಂಭವಾಗುವಂತೆ ಮಾಡುವ ‘ಟ್ರಿಗರ್’ ವ್ಯವಸ್ಥೆ ಇಲ್ಲದಿದ್ದರೆ ಚಿತ್ರವು ಪರದೆಯ ಮೇಲೆ ನಿಲ್ಲದೆ ಜಾರುತ್ತದೆ. ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದಲ್ಲಿ 1946ರಲ್ಲಿ ಹೋವರ್ಡ್ ವೋಲಮ್ ಮತ್ತು ಜ್ಯಾಕ್ ಮರ್ಡಾಕ್ ಮುಂತಾದವರು ಸ್ಥಾಪಿಸಿದ ಟೆಕ್ಟ್ರಾನಿಕ್ಸ್ ಸಂಸ್ಥೆಯು ಮರುವರ್ಷ ಹೊರತಂದ 511 ಮಾದರಿಯು ಈ ವ್ಯವಸ್ಥೆಯಿಂದಲೇ ಹೆಸರು ಗಳಿಸಿತು. ಇಂದಿಗೂ ಹಳೆಯ ಆಸಿಲೋಸ್ಕೋಪ್ ಎಂದೊಡನೆ ಹವ್ಯಾಸಿಗಳ ಬಾಯಲ್ಲಿ ಮೊದಲು ಬರುವುದು ಆ ಸಂಸ್ಥೆಯ ಹೆಸರೇ.

ಭಾರತದ ಪ್ರಯೋಗಾಲಯಗಳಲ್ಲಿ ಮಾತ್ರ ಹೆಚ್ಚಾಗಿ ಕಾಣಸಿಗುವುದು ದೇಶೀಯ ತಯಾರಿಕೆ: ಹೈದರಾಬಾದಿನ ಇಸಿಐಎಲ್, ಠಾಣೆಯ ಆಪ್‌ಲ್ಯಾಬ್, ಅಹಮದಾಬಾದಿನ ಸಿಸ್ಟ್ರಾನಿಕ್ಸ್, ಹಾಗೂ ಜರ್ಮನಿಯ ಹ್ಯಾಮೆಗ್ ವಿನ್ಯಾಸವನ್ನು ಅನುಸರಿಸಿ ಇಂದೂರಿನ ಸೈಂಟಿಫಿಕ್ ಸಂಸ್ಥೆ ತಯಾರಿಸಿದ ಎಚ್‌ಎಂ 203 ಮುಂತಾದವು. 20 ಮೆಗಾಹರ್ಟ್ಸ್‌ನ ಈ ಎರಡು ವಾಹಿನಿಯ ಯಂತ್ರವು ಒಂದೆರಡು ತಲೆಮಾರಿನ ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಪರಿಚಿತ. ಹವ್ಯಾಸ ಆರಂಭಿಸುವವರಿಗೆ ಇದರಷ್ಟು ಅನುಕೂಲವಾದುದು ಮತ್ತೊಂದಿಲ್ಲ; ಒಳಗೆ ವಿಶೇಷ ಬಿಡಿಭಾಗಗಳು ಕಡಿಮೆ, ಬಹುತೇಕ ಟ್ರಾನ್ಸಿಸ್ಟರುಗಳಿಗೆ ಬದಲಿ ಸಿಗುತ್ತದೆ. ನಿರ್ವಾತ ನಳಿಕೆಗಳಿಂದ ಕೂಡಿದ, ಸುಮಾರು 30 ಕಿಲೋ ತೂಗುವ 1950ರ ದಶಕದ ಟೆಕ್ಟ್ರಾನಿಕ್ಸ್ 545ರಂತಹ ಯಂತ್ರವು ನೋಡಲು ಭವ್ಯವಾಗಿದ್ದರೂ 500 ವ್ಯಾಟ್‌ಗೂ ಮಿಕ್ಕಿ ವಿದ್ಯುತ್ ಬೇಡುತ್ತದೆ. ಮೊದಲ ಕೆಲಸಕ್ಕೆ ಅದನ್ನು ಕೈಗೆತ್ತಿಕೊಳ್ಳುವುದು ಜಾಣತನವಲ್ಲ.

ಕರಾವಳಿಯಲ್ಲಿ ಇದರ ಉಪಯೋಗ

ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುವ ಅವಧಿಯು ಗಂಗೊಳ್ಳಿ, ಹಂಗಾರಕಟ್ಟೆ ಮುಂತಾದ ಕಡೆಗಳಲ್ಲಿ ದೋಣಿಗಳ ದುರಸ್ತಿಯ ಕಾಲವೂ ಹೌದು. ದೋಣಿಯ ಮೇಲಿನ ಮೀನು ಶೋಧಕ ಯಂತ್ರವನ್ನು ಉದಾಹರಣೆಯಾಗಿ ನೋಡಬಹುದು. ಅದು ಸಾಮಾನ್ಯವಾಗಿ 50 ಅಥವಾ 200 ಕಿಲೋಹರ್ಟ್ಸ್‌ನ ಶಬ್ದದ ತುಣುಕನ್ನು ನೀರಿಗೆ ಬಿಟ್ಟು ಪ್ರತಿಧ್ವನಿಗಾಗಿ ಕಾಯುತ್ತದೆ. ಸಮುದ್ರದ ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್. ಆದ್ದರಿಂದ 30 ಮೀಟರ್ ಆಳದ ತಳದಿಂದ ಮರುದನಿ ಬರಲು 40 ಮಿಲಿಸೆಕೆಂಡು ಬೇಕು. ಆಸಿಲೋಸ್ಕೋಪನ್ನು ಒಂದು ಚೌಕಕ್ಕೆ 10 ಮಿಲಿಸೆಕೆಂಡಿನಂತೆ ಇರಿಸಿದರೆ ಹೊರಟ ದನಿಯೂ ಮರುದನಿಯೂ ನಾಲ್ಕು ಚೌಕಗಳ ಅಂತರದಲ್ಲಿ ಕಾಣಿಸಿಕೊಳ್ಳಬೇಕು. ಹೊರಟದ್ದೇ ಕಾಣದಿದ್ದರೆ ದೋಷ ಪ್ರೇಷಕದಲ್ಲಿದೆ. ಹೊರಟು ಮರಳದಿದ್ದರೆ ದೋಣಿಯಡಿಯ ಸಂವೇದಕವನ್ನೋ ಕೇಬಲನ್ನೋ ಗ್ರಾಹಕ ಭಾಗವನ್ನೋ ಪರೀಕ್ಷಿಸಬೇಕು. ಹೊರಡುವ ತುಣುಕು ನೂರಾರು ವೋಲ್ಟ್ ಇರುವುದರಿಂದ ಹತ್ತುಪಟ್ಟು ತಗ್ಗಿಸುವ ಪ್ರೋಬನ್ನೇ ಬಳಸತಕ್ಕದ್ದು. ಈ ಒಂದು ನೋಟವಿಲ್ಲದೆ ಇಡೀ ಬೋರ್ಡನ್ನೇ ಬದಲಿಸಿದರೆ ಅದರ ಖರ್ಚು ದೋಣಿಯ ಮಾಲೀಕನ ಮೇಲೆ ಬೀಳುತ್ತದೆ.

ಇಂಜಿನ್ನಿನ ಆಲ್ಟರ್ನೇಟರಿನ ಆರು ಡಯೋಡುಗಳಲ್ಲಿ ಒಂದು ಸತ್ತರೆ ಮಲ್ಟಿಮೀಟರಿನಲ್ಲಿ ವೋಲ್ಟೇಜು ಸರಿಸುಮಾರು ಸರಿಯಾಗಿಯೇ ಕಾಣಬಹುದು. ಆಸಿಲೋಸ್ಕೋಪಿನ ಪರದೆಯಲ್ಲಿ ಸಾಲಾದ ದಿಬ್ಬಗಳ ನಡುವೆ ಬಿದ್ದ ಹೊಂಡ ಎದ್ದು ಕಾಣುತ್ತದೆ. ಇವ್ಯಾವುದಕ್ಕೂ 20 ಮೆಗಾಹರ್ಟ್ಸ್‌ಗಿಂತ ಹೆಚ್ಚಿನ ಯಂತ್ರ ಬೇಡ. ದೋಣಿಗಳ ವಿಎಚ್‌ಎಫ್ ರೇಡಿಯೋದ 16ನೆಯ ವಾಹಿನಿಯು 156.8 ಮೆಗಾಹರ್ಟ್ಸ್‌ನಲ್ಲಿರುವುದರಿಂದ ಅದರ ವಾಹಕ ಅಲೆಯನ್ನು ಮಾತ್ರ ಈ ಸಣ್ಣ ಯಂತ್ರಗಳಲ್ಲಿ ನೇರವಾಗಿ ಅಳೆಯಲಾಗದು. ಮಧ್ಯಮ ತರಂಗದ ರೇಡಿಯೋ ಸಂಕೇತಗಳಾದರೆ ಅವುಗಳ ಮಿತಿಯೊಳಗೇ ಬರುತ್ತವೆ. 1976ರಲ್ಲಿ ಆರಂಭವಾದ ಮಂಗಳೂರು ಆಕಾಶವಾಣಿಯ ಮಧ್ಯಮ ತರಂಗದ ಪ್ರೇಷಕವನ್ನು ಸ್ಥಾಪಿಸಿದ್ದು ಬ್ರಹ್ಮಾವರದಲ್ಲಿ. ಅದರ 1089 ಕಿಲೋಹರ್ಟ್ಸ್ ಅಲೆಯ ಒಂದು ಆವರ್ತಕ್ಕೆ ತಗಲುವ ಕಾಲ ಒಂದು ಮೈಕ್ರೋಸೆಕೆಂಡಿಗಿಂತ ತುಸು ಕಡಿಮೆ.

ಉಪ್ಪು ಗಾಳಿ ಮತ್ತು ಮಳೆಗಾಲ

ಪಾಶ್ಚಾತ್ಯ ದೇಶಗಳ ಹವ್ಯಾಸಿಗಳು ಬರೆದ ಸಲಹೆಗಳನ್ನು ಇಲ್ಲಿ ಯಥಾವತ್ತಾಗಿ ಅನುಸರಿಸುವಂತಿಲ್ಲ. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುವ, ಆಷಾಢದಲ್ಲಿ ಗಾಳಿಯ ತೇವಾಂಶ ಶೇಕಡಾ 90ರ ಆಸುಪಾಸಿನಲ್ಲಿರುವ, ಮೂರು ದಿಕ್ಕಿನಲ್ಲೂ ನೀರಿರುವ ಕುಂದಾಪುರದಂತಹ ಊರಿನಲ್ಲಿ ಯಂತ್ರದ ಮೊದಲ ಶತ್ರು ಕಿಲುಬು. ಬೆಳ್ಳಿಲೇಪದ ಸ್ವಿಚ್ಚಿನ ಸ್ಪರ್ಶಬಿಂದುಗಳು ಕಪ್ಪಾಗುತ್ತವೆ, ಐಸಿಗಳ ಸಾಕೆಟ್ಟುಗಳು ಸಡಿಲಾಗುತ್ತವೆ, ಅಧಿಕ ವೋಲ್ಟೇಜಿನ ಭಾಗದಲ್ಲಿ ಧೂಳು ಉಪ್ಪಿನೊಂದಿಗೆ ಸೇರಿ ಸೋರಿಕೆಯ ದಾರಿಯಾಗುತ್ತದೆ. ಗೆರೆ ಮಂಕಾಗುವುದು, ಬೆಳಿಗ್ಗೆ ಸರಿಯಾಗಿದ್ದು ಮಧ್ಯಾಹ್ನ ಕೈಕೊಡುವುದು ಮುಂತಾದ ವಿಚಿತ್ರ ವರ್ತನೆಗಳ ಹಿಂದೆ ಇಂತಹ ಸೋರಿಕೆ ಇರುವುದುಂಟು.

ಟೆಕ್ಟ್ರಾನಿಕ್ಸ್ ಸಂಸ್ಥೆಯು ದುರಸ್ತಿಗೆ ಬಂದ ಯಂತ್ರಗಳನ್ನು ಸಾಬೂನು ನೀರಿನಿಂದ ತೊಳೆದು ಬೆಚ್ಚನೆಯ ಒಲೆಯಲ್ಲಿ ಒಣಗಿಸುತ್ತಿತ್ತು ಎಂದರೆ ಅನೇಕರು ನಂಬಲಾರರು. ಆದರೆ ಅದು ನಿಜ. ಇಲ್ಲಿ ಆ ಪ್ರಯೋಗ ಮಾಡುವುದಾದರೆ ಮಾರ್ಚ್–ಏಪ್ರಿಲ್ ತಿಂಗಳುಗಳಲ್ಲೇ ಮಾಡಬೇಕು. ಟ್ರಾನ್ಸ್‌ಫಾರ್ಮರುಗಳಿಗೆ ನೀರು ತಾಗದಂತೆ ಮುಚ್ಚಿ, ಕೊನೆಯಲ್ಲಿ ಶುದ್ಧೀಕರಿಸಿದ ನೀರಿನಿಂದ ತೊಳೆದು, ಹಲವು ದಿನ ಒಣಗಿಸಿದ ಬಳಿಕವೇ ವಿದ್ಯುತ್ ಕೊಡತಕ್ಕದ್ದು. ಮಳೆಗಾಲದಲ್ಲಿ ಕುಂಚ ಮತ್ತು ಐಸೊಪ್ರೊಪೈಲ್ ಆಲ್ಕೊಹಾಲ್ ಸಾಕು. ಸ್ವಿಚ್ಚಿನ ಸ್ಪರ್ಶಬಿಂದುಗಳ ನಡುವೆ ಆಲ್ಕೊಹಾಲಿನಲ್ಲಿ ಅದ್ದಿದ ದಪ್ಪ ಕಾಗದದ ಪಟ್ಟಿಯನ್ನು ಇಟ್ಟು ಮೆಲ್ಲನೆ ಎಳೆದರೆ ಕರಿ ಕಾಗದಕ್ಕೆ ಬರುತ್ತದೆ. ಮರಳುಕಾಗದದಿಂದ ಉಜ್ಜಿದರೆ ಲೇಪವೇ ಹೋಗುತ್ತದೆ. ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸುವುದು ಇನ್ನೂ ಕೆಟ್ಟದು. ಧೂಳೆಲ್ಲ ಅದಕ್ಕೇ ಅಂಟುತ್ತದೆ.

ಬಳಕೆಯಲ್ಲಿಲ್ಲದ ಯಂತ್ರವನ್ನು ಅಟ್ಟಕ್ಕೆ ಸೇರಿಸುವುದು ಈ ಕಡೆಯ ವಾಡಿಕೆ. ಆಸಿಲೋಸ್ಕೋಪಿಗೆ ಅದು ಸಲ್ಲದು. ವಾರಕ್ಕೊಮ್ಮೆ ಒಂದು ಗಂಟೆ ಚಾಲನೆಯಲ್ಲಿಟ್ಟರೆ ಅದರದೇ ಶಾಖದಿಂದ ಒಳಗಿನ ತೇವ ಆರುತ್ತದೆ, ಇಲೆಕ್ಟ್ರೊಲಿಟಿಕ್ ಕೆಪಾಸಿಟರುಗಳೂ ಸುಸ್ಥಿತಿಯಲ್ಲಿರುತ್ತವೆ. ಗುಡುಗು ಮಿಂಚಿನ ದಿನಗಳಲ್ಲಿ ಪ್ಲಗ್ಗನ್ನು ಕಿತ್ತಿಡಬೇಕೆಂಬುದನ್ನು ಇಲ್ಲಿನವರಿಗೆ ಹೇಳಿಕೊಡಬೇಕಾಗಿಲ್ಲ.

ದುರಸ್ತಿಯ ಕ್ರಮ

ವರ್ಷಗಟ್ಟಲೆ ಮೂಲೆಯಲ್ಲಿದ್ದ ಯಂತ್ರಕ್ಕೆ ನೇರವಾಗಿ 230 ವೋಲ್ಟ್ ಕೊಡುವುದು ಹೊಸಬರು ಮಾಡುವ ಮೊದಲ ತಪ್ಪು. ಮೊದಲು ಹೊದಿಕೆ ತೆಗೆದು, ಉಬ್ಬಿದ ಕೆಪಾಸಿಟರ್, ಸುಟ್ಟ ರೆಸಿಸ್ಟರ್, ಇಲಿ ಕಡಿದ ತಂತಿ, ಜಿರಲೆಗಳ ವಾಸ ಎಲ್ಲವನ್ನೂ ಕಣ್ಣಿನಿಂದಲೇ ಪರಿಶೀಲಿಸಬೇಕು. ವಿದ್ಯುತ್ ಪ್ರವೇಶಿಸುವ ಜಾಗದಲ್ಲಿರುವ ಲೋಹಲೇಪಿತ ಕಾಗದದ ಫಿಲ್ಟರ್ ಕೆಪಾಸಿಟರುಗಳ ಮೈ ಬಿರುಕು ಬಿಟ್ಟಿದ್ದರೆ ಅವು ತೇವ ಹೀರಿವೆಯೆಂದೇ ಅರ್ಥ. ಪರೀಕ್ಷಿಸುತ್ತ ಕೂರದೆ ಬದಲಿಸುವುದು ಲೇಸು, ಇಲ್ಲವಾದಲ್ಲಿ ಕೋಣೆ ತುಂಬ ಹೊಗೆ. ಅನಂತರ ಹಳೆಯ ಟಿ.ವಿ. ಮೆಕ್ಯಾನಿಕರೆಲ್ಲ ಬಲ್ಲ ಉಪಾಯ: 60 ಅಥವಾ 100 ವ್ಯಾಟಿನ ತಂತಿಬಲ್ಬನ್ನು ಸರಣಿಯಲ್ಲಿ ಜೋಡಿಸಿ ಚಾಲೂ ಮಾಡುವುದು. ಬಲ್ಬು ಒಮ್ಮೆ ಬೆಳಗಿ ಮಂಕಾದರೆ ಮುಂದುವರಿಯಬಹುದು. ಪ್ರಖರವಾಗಿಯೇ ಉಳಿದರೆ ಒಳಗೆ ಎಲ್ಲೋ ಶಾರ್ಟ್ ಇದೆ. ಎಲ್‌ಇಡಿ ಬಲ್ಬು ಈ ಕೆಲಸಕ್ಕೆ ಬಾರದು. ಸ್ವಿಚ್ಡ್ ಮೋಡ್ ಪೂರೈಕೆಯುಳ್ಳ 1980ರ ದಶಕದ ಅನಂತರದ ಯಂತ್ರಗಳಿಗೆ ವೋಲ್ಟೇಜನ್ನು ನಿಧಾನವಾಗಿ ಏರಿಸುವ ಕ್ರಮವೂ ಹಿಡಿಸುವುದಿಲ್ಲ. ಅಂಥವುಗಳಿಗೆ ತಯಾರಕರ ಕೈಪಿಡಿಯೇ ಪ್ರಮಾಣ.

ಗೆರೆ ಕಾಣದಿದ್ದಾಗ ನಳಿಕೆ ಹೋಯಿತೆಂದು ಕೈಚೆಲ್ಲುವವರು ಬಹಳ. ನಳಿಕೆ ಕೆಡುವುದು ಅಪರೂಪ. ಕಡಿಮೆ ವೋಲ್ಟೇಜಿನ ಪೂರೈಕೆಗಳನ್ನು ಮೊದಲು ಅಳೆಯಬೇಕು. 1972ರಲ್ಲಿ ಬಂದ ಟೆಕ್ಟ್ರಾನಿಕ್ಸ್ 465ರಲ್ಲಿ –8, +5, +15, +55, +110 ಎಂಬ ಐದು ಪೂರೈಕೆಗಳಿವೆ. ಇವುಗಳಲ್ಲಿ ಒಂದು ತಪ್ಪಿದರೂ ಬೇರೆಲ್ಲೋ ದೋಷವಿರುವಂತೆ ತೋರುತ್ತದೆ. ಆ ತಲೆಮಾರಿನ ಯಂತ್ರಗಳಲ್ಲಿ ಹನಿಯಾಕಾರದ ಟ್ಯಾಂಟಲಮ್ ಕೆಪಾಸಿಟರು ಶಾರ್ಟ್ ಆಗಿ ಇಡೀ ಪೂರೈಕೆಯನ್ನು ಶೂನ್ಯಕ್ಕೆ ಎಳೆಯುವುದು ಪದೇ ಪದೇ ಕಾಣುವ ದೋಷ. ಬೆಲೆ ಅತ್ಯಲ್ಪ, ಹುಡುಕಲು ತಾಳ್ಮೆ ಬೇಕು. ಪೂರೈಕೆಗಳೆಲ್ಲ ಸರಿಯಿದ್ದರೆ ಮಾತ್ರ ವರ್ಧಕ, ಸ್ವೀಪ್, ಟ್ರಿಗರ್ ಭಾಗಗಳತ್ತ ತಿರುಗಬೇಕು. ಎರಡು ವಾಹಿನಿಗಳಿರುವ ಯಂತ್ರದಲ್ಲಿ ಒಂದು ಕೆಟ್ಟಿದ್ದರೆ ಅದೃಷ್ಟವೆಂದೇ ತಿಳಿಯಬೇಕು, ಏಕೆಂದರೆ ಸರಿಯಾದ ವಾಹಿನಿಯ ಅಳತೆಗಳನ್ನೇ ಪಕ್ಕದಲ್ಲಿಟ್ಟು ಹೋಲಿಸಬಹುದು.

ಟೆಕ್ಟ್ರಾನಿಕ್ಸ್‌ನ ಹಳೆಯ ನಳಿಕೆಯುಗದ ಯಂತ್ರಗಳಲ್ಲಿ ಬಿಡಿಭಾಗಗಳನ್ನು ಬೆಳ್ಳಿಲೇಪಿತ ಕಚ್ಚುಗಳುಳ್ಳ ಪಿಂಗಾಣಿ ಪಟ್ಟಿಗಳ ಮೇಲೆ ಬೆಸೆಯಲಾಗಿದೆ. ಸಾಧಾರಣ ಬೆಸುಗೆಯು ಆ ಬೆಳ್ಳಿಯನ್ನು ಕರಗಿಸಿ ಹೀರಿಕೊಳ್ಳುತ್ತದೆ. ಆದ್ದರಿಂದ ಸುಮಾರು ಶೇಕಡಾ 3ರಷ್ಟು ಬೆಳ್ಳಿ ಬೆರೆತ ಬೆಸುಗೆಯನ್ನೇ ಬಳಸಬೇಕು. ಮುಂದೆ ಯಾರೋ ದುರಸ್ತಿ ಮಾಡುವವನಿಗಾಗಿ ಆ ಬೆಸುಗೆಯ ಸಣ್ಣ ಸುರುಳಿಯನ್ನು ತಯಾರಕರೇ ಯಂತ್ರದೊಳಗೆ ಇಟ್ಟು ಕಳುಹಿಸುತ್ತಿದ್ದರು. ಇಂದು ಮೊಹರು ಹಾಕಿದ, ಅಂಟಿನಿಂದ ಮುಚ್ಚಿದ ಉಪಕರಣಗಳನ್ನು ಮಾರುವವರು ಈ ಸುರುಳಿಯನ್ನು ಒಮ್ಮೆ ನೋಡಬೇಕು.

ಅಪಾಯವನ್ನು ಮರೆಯುವಂತಿಲ್ಲ. 20 ಮೆಗಾಹರ್ಟ್ಸ್ ಯಂತ್ರಗಳಲ್ಲಿ ಸುಮಾರು 2,000 ವೋಲ್ಟ್, 100 ಮೆಗಾಹರ್ಟ್ಸ್ ವರ್ಗದವುಗಳಲ್ಲಿ 10,000ಕ್ಕೂ ಮಿಕ್ಕಿದ ವೋಲ್ಟ್ ನಳಿಕೆಗೆ ಹೋಗುತ್ತದೆ. ಪ್ಲಗ್ಗು ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ ಅದು ಉಳಿದಿರುತ್ತದೆ. ರೆಸಿಸ್ಟರಿನ ಮೂಲಕ ಅದನ್ನು ಬರಿದುಮಾಡದೆ ಕೈಹಾಕಕೂಡದು. ಒಬ್ಬರೇ ಇರುವಾಗ ಇಲ್ಲವೇ ಬರಿಗಾಲಿನಲ್ಲಿ ತೇವದ ನೆಲದ ಮೇಲೆ ನಿಂತು ಈ ಕೆಲಸ ಮಾಡುವುದು ಪ್ರಾಣಕ್ಕೆ ಎರವಾದೀತು. ಪ್ರೋಬಿನ ಭೂಸಂಪರ್ಕದ ಚಿಮಟಿಯು ಯಂತ್ರದ ಮೈಗೂ ಆ ಮೂಲಕ ಮನೆಯ ಅರ್ಥಿಂಗಿಗೂ ಸೇರಿದೆ ಎಂಬುದನ್ನು ಮರೆತು, ಇನ್ವರ್ಟರಿನ ಅಥವಾ ಟಿ.ವಿ.ಯ ವಿದ್ಯುತ್ತಿರುವ ಭಾಗಕ್ಕೆ ಅದನ್ನು ಕಚ್ಚಿಸಿದರೆ ಕಿಡಿ ಹಾರುತ್ತದೆ. ಇದರಿಂದ ತಪ್ಪಿಸಿಕೊಳ್ಳಲು ಆಸಿಲೋಸ್ಕೋಪಿನ ಅರ್ಥ್ ಪಿನ್ನನ್ನೇ ಕತ್ತರಿಸುವ ಅಭ್ಯಾಸ ಕೆಲವರಲ್ಲಿದೆ. ಹಾಗೆ ಮಾಡಿದಾಗ ಯಂತ್ರದ ಲೋಹದ ಮೈಯೇ 230 ವೋಲ್ಟ್ ಆಗಬಲ್ಲದು. ಪರೀಕ್ಷೆಗೊಳಪಡುವ ಉಪಕರಣಕ್ಕೆ ಪ್ರತ್ಯೇಕಕ ಟ್ರಾನ್ಸ್‌ಫಾರ್ಮರು ಹಾಕುವುದೇ ಸರಿಯಾದ ಮಾರ್ಗ.

ವ್ಯವಹಾರದ ದೃಷ್ಟಿಯಿಂದ

ದಿನನಿತ್ಯದ ವ್ಯವಹಾರಕ್ಕೆ ಆಸಿಲೋಸ್ಕೋಪ್ ಬೇಕಾದವರು ಹೊಸ ಡಿಜಿಟಲ್ ಯಂತ್ರವನ್ನೇ ಕೊಳ್ಳುವುದು ಉತ್ತಮ. ಹಗುರ, ಚಿತ್ರವನ್ನು ಉಳಿಸಿಕೊಳ್ಳುತ್ತದೆ, ವಾರಂಟಿ ಇದೆ. ರಫ್ತು ಅಥವಾ ಗುಣಮಟ್ಟದ ಪ್ರಮಾಣಪತ್ರಕ್ಕಾಗಿ ಅಳತೆ ಮಾಡುವವರಂತೂ ಮಾನ್ಯತೆ ಪಡೆದ ಪ್ರಯೋಗಾಲಯದ ಕ್ಯಾಲಿಬ್ರೇಶನ್ ಇಲ್ಲದ ಯಂತ್ರವನ್ನು ನೆಚ್ಚಿಕೊಳ್ಳಬಾರದು. ಹಳೆಯ ಯಂತ್ರದ ಪ್ರಯೋಜನ ಬೇರೆಯೇ: ಅದರ ಪ್ರತಿಯೊಂದು ಭಾಗವೂ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ಅಮೆರಿಕದ ಹೆಸರಾಂತ ವಿನ್ಯಾಸಕಾರ ಜಿಮ್ ವಿಲಿಯಮ್ಸ್, ಕೆಟ್ಟ ಉಪಕರಣವನ್ನು ಸರಿಪಡಿಸುವುದರಿಂದ ಸಿಗುವ ಶಿಕ್ಷಣದ ಕುರಿತು 1995ರಲ್ಲಿ ಪ್ರಕಟವಾದ ಗ್ರಂಥವೊಂದರಲ್ಲಿ ಪ್ರತ್ಯೇಕ ಪ್ರಬಂಧವನ್ನೇ ಬರೆದಿದ್ದರು. 2011ರಲ್ಲಿ ಅವರು ತೀರಿಕೊಂಡ ಬಳಿಕ ಅವರ ಅಸ್ತವ್ಯಸ್ತ ಕೆಲಸದ ಮೇಜನ್ನು ಕಂಪ್ಯೂಟರ್ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶಿಸಲಾಯಿತು. 1982ರ ಏಷ್ಯನ್ ಕ್ರೀಡಾಕೂಟದೊಂದಿಗೆ ವರ್ಣ ಟಿ.ವಿ. ಬಂದ ಮೇಲೆ ನಮ್ಮ ಊರುಗಳಲ್ಲಿ ಬೆಳೆದ ಮೆಕ್ಯಾನಿಕರಿಗೂ 15,625 ಹರ್ಟ್ಸ್‌ನ ಅಡ್ಡಗೆರೆಯ ಸಂಕೇತದಿಂದ ಆರಂಭಿಸಿ ದೋಷವನ್ನು ಹಿಂಬಾಲಿಸುವ ವಿದ್ಯೆ ಕರಗತವಾಗಿತ್ತು. ಆ ತಲೆಮಾರು ಅಂಗಡಿ ಮುಚ್ಚುತ್ತಿದೆ. ಅವರ ಬಳಿ ಉಳಿದಿರುವ ಯಂತ್ರವನ್ನೂ ವಿದ್ಯೆಯನ್ನೂ ಇಬ್ಬರು ಯುವಕರಿಗೆ ದಾಟಿಸಲು ಬೇಕಾದುದು ಒಂದು ಮೇಜು, ಒಂದು ಮಳೆಗಾಲ.

ಸಂಸ್ಥೆಗಳು ಹರಾಜು ಹಾಕುವ ಮುನ್ನ ಯಂತ್ರಗಳನ್ನು ಬಲ್ಲವರಿಂದ ಪರೀಕ್ಷಿಸಿ, ದುರಸ್ತಿಯೋಗ್ಯವಾದುದನ್ನು ಬೇರೆಯಾಗಿ ಪಟ್ಟಿಮಾಡಿದರೆ ತೂಕದ ಬೆಲೆಗಿಂತ ಹೆಚ್ಚಿನ ಹಣವೂ ಬಂದೀತು. ಕೈಪಿಡಿ, ಪ್ರೋಬುಗಳನ್ನು ಯಂತ್ರದ ಜೊತೆಗೇ ಕಟ್ಟಿಡಬೇಕು. ಕೈಪಿಡಿಯಿಲ್ಲದ ಯಂತ್ರದ ಅರ್ಧ ಬೆಲೆ ಅಲ್ಲಿಗೇ ಹೋಯಿತು. ಸರಿಪಡಿಸಲಾಗದೆ ಉಳಿದ ಯಂತ್ರದಿಂದ ನಳಿಕೆ, ಟ್ರಾನ್ಸ್‌ಫಾರ್ಮರು, ಗುಂಡಿಗಳು, ಸ್ವಿಚ್ಚುಗಳನ್ನು ಅದೇ ಮಾದರಿಯ ಇನ್ನೊಂದಕ್ಕಾಗಿ ತೆಗೆದಿರಿಸಬಹುದು. ಉಳಿದುದು ಮಾತ್ರ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಂತೆ ನೋಂದಾಯಿತ ಮರುಬಳಕೆದಾರರಿಗೇ ಸೇರಬೇಕು. ಒಡೆದ ನಳಿಕೆಯ ಗಾಜಿನಲ್ಲಿ ಸೀಸವಿರುವ ಸಾಧ್ಯತೆ ಇರುವುದರಿಂದ ಅದನ್ನು ಹಿತ್ತಿಲಲ್ಲಿ ಹೂಳುವುದಾಗಲಿ ಹೊಳೆಗೆ ಎಸೆಯುವುದಾಗಲಿ ಕೂಡದು.