ಕೋವಿಯ ಪಾಠಕ್ಕೂ ಮೊದಲು ಬೀಗ

ಮನೆಯಲ್ಲಿ ಕೋವಿ ಇರುವ ಅಪ್ಪ ಅಮ್ಮಂದಿರು ಧೈರ್ಯವಾಗಿ ಹೇಳುವ ಮಾತೊಂದಿದೆ: “ಮಕ್ಕಳಿಗೆ ಹೇಳಿಕೊಟ್ಟಿದ್ದೇವೆ, ಮುಟ್ಟುವುದಿಲ್ಲ.” ಈ ನಂಬಿಕೆಯನ್ನು ಒರೆಗೆ ಹಚ್ಚಿ ನೋಡಿರುವುದು ಅಮೆರಿಕದಲ್ಲಿ. 2020ರಿಂದೀಚೆಗೆ ಅಲ್ಲಿ ಒಂದು ವರ್ಷ ದಾಟಿದ ಮಕ್ಕಳು ಮತ್ತು ಹದಿಹರೆಯದವರ ಸಾವಿಗೆ ರಸ್ತೆ ಅಪಘಾತಕ್ಕಿಂತಲೂ ಬಂದೂಕೇ ದೊಡ್ಡ ಕಾರಣ.

ಅಟ್ಲಾಂಟಾದ ವೈದ್ಯರು 2001ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 8ರಿಂದ 12 ವಯಸ್ಸಿನ ಹುಡುಗರನ್ನು ಇಬ್ಬರು ಮೂವರಂತೆ ಒಂದು ಕೋಣೆಯಲ್ಲಿ ಬಿಟ್ಟು, ಕನ್ನಡಿಯ ಹಿಂದಿನಿಂದ ಗಮನಿಸಿದರು. ಡ್ರಾಯರಿನಲ್ಲಿ ಗುಂಡಿಲ್ಲದ ನಿಜವಾದ ಪಿಸ್ತೂಲಿತ್ತು. ಅದನ್ನು ಕಂಡುಕೊಂಡ 21 ಗುಂಪುಗಳ ಪೈಕಿ 16 ಗುಂಪಿನವರು ಕೈಗೆತ್ತಿಕೊಂಡರು. 10 ಗುಂಪುಗಳಲ್ಲಿ ಯಾರಾದರೊಬ್ಬ ಟ್ರಿಗರ್ ಎಳೆದೇಬಿಟ್ಟ. ಹೀಗೆ ಮುಟ್ಟಿದ, ಎಳೆದ ಹುಡುಗರಲ್ಲಿ ಶೇ 90ಕ್ಕೂ ಹೆಚ್ಚು ಮಂದಿ ಬಂದೂಕಿನ ಬಗ್ಗೆ ಮೊದಲೇ ಪಾಠ ಹೇಳಿಸಿಕೊಂಡವರು! ನನ್ನನ್ನು ಹೆಚ್ಚು ಕಾಡುವುದು ಈ ಕೊನೆಯ ಅಂಕಿ.

ಹಾಗೆಂದು ಪಾಠ ವ್ಯರ್ಥವಲ್ಲ. 2023ರಲ್ಲಿ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಕೆಲವು ಮಕ್ಕಳಿಗೆ ಬಂದೂಕು ಸುರಕ್ಷತೆಯ ಒಂದು ನಿಮಿಷದ ವಿಡಿಯೊ ತೋರಿಸಿದರು, ಉಳಿದವರಿಗೆ ಕಾರು ಸುರಕ್ಷತೆಯದು. ವಾರದ ನಂತರ ಆಟದ ಕೋಣೆಯಲ್ಲಿ ಪಿಸ್ತೂಲು ಸಿಕ್ಕಾಗ ಕಾರಿನ ವಿಡಿಯೊ ನೋಡಿದವರಲ್ಲಿ ಶೇ 67ರಷ್ಟು ಮಕ್ಕಳು ಅದನ್ನು ಮುಟ್ಟಿದರು. ಬಂದೂಕಿನ ವಿಡಿಯೊ ನೋಡಿದವರಲ್ಲಿ ಶೇ 39ರಷ್ಟು. ಇಳಿಕೆ ದೊಡ್ಡದೇ. ಆದರೆ ಗುಂಡು ತುಂಬಿದ ಪಿಸ್ತೂಲನ್ನು ಹತ್ತರಲ್ಲಿ ನಾಲ್ಕು ಮಕ್ಕಳು ಮುಟ್ಟುವ ಮನೆಯನ್ನು ಸುರಕ್ಷಿತ ಎನ್ನಲಾದೀತೇ? ನಾಲ್ಕೈದು ವರ್ಷದವರ ಮಾತಂತೂ ಬೇರೆ. “ನಿಲ್ಲು, ಮುಟ್ಟಬೇಡ, ಅಲ್ಲಿಂದ ಹೋಗು, ದೊಡ್ಡವರಿಗೆ ಹೇಳು” ಎಂದು ಅವರು ಚೆನ್ನಾಗಿ ಒಪ್ಪಿಸುತ್ತಾರೆ. ಪಿಸ್ತೂಲು ಎದುರಿಗಿದ್ದಾಗ ಹಾಗೆ ನಡೆದುಕೊಳ್ಳುವವರು ಕಡಿಮೆ.

“ಎಲ್ಲಿಟ್ಟಿದ್ದೇನೆ ಅಂತ ಅವನಿಗೆ ಗೊತ್ತೇ ಇಲ್ಲ” ಎಂಬುದು ಇನ್ನೊಂದು ನಂಬಿಕೆ. ಅಲಬಾಮಾದ ಹಳ್ಳಿಗಾಡಿನಲ್ಲಿ ಹೀಗೆ ಹೇಳಿದ ಪೋಷಕರಲ್ಲಿ ಶೇ 39 ಮಂದಿಯ ಮಾತು ತಪ್ಪು ಎಂಬುದು ಅವರ ಮಕ್ಕಳನ್ನೇ ಬೇರೆಯಾಗಿ ಕೇಳಿದಾಗ ತಿಳಿಯಿತು. ಅಟ್ಟ, ಬೀರು, ಹಾಸಿಗೆಯ ಅಡಿ ಯಾವುದೂ ಮಕ್ಕಳಿಗೆ ಗುಟ್ಟಲ್ಲ.

“ಖಾಲಿ ಇದೆ” ಎಂಬ ಮಾತನ್ನೂ ನಂಬಬಾರದು. ಪಿಸ್ತೂಲಿನ ಮ್ಯಾಗಜಿನ್ ತೆಗೆದರೂ ಒಳಗೆ ಒಂದು ಗುಂಡು ಉಳಿದಿರಬಹುದು. ಕೇಪಿನ ಕೋವಿಗೆ ಮಸಿ, ಚರೆ ತುಂಬಿದೆಯೋ ಇಲ್ಲವೋ ಎಂದು ಹೊರಗಿನಿಂದ ನೋಡಿದರೆ ತಿಳಿಯದು.

ಇನ್ನು ದೊಡ್ಡ ಮಕ್ಕಳ ವಿಷಯ. ಇದನ್ನು ಮನೆಗಳಲ್ಲಿ ಯಾರೂ ಬಾಯಿಬಿಟ್ಟು ಆಡುವುದಿಲ್ಲ. ಹದಿನಾರರ ಮಗ ಜಾಣ, ಜವಾಬ್ದಾರಿ ಬಲ್ಲವನು, ಅವನಿಗೇಕೆ ಬೀಗ ಎನ್ನುತ್ತಾರೆ. ಆದರೆ ಆ ವಯಸ್ಸಿನಲ್ಲಿ ಅಪಾಯ ಕೈತಪ್ಪಿ ಹಾರುವ ಗುಂಡಿನದು ಮಾತ್ರವಲ್ಲ, ಒಂದು ಗಳಿಗೆಯ ಹತಾಶೆಯದ್ದೂ ಹೌದು. ಅಲ್ಲಿ ಗುರಿ ಕಲಿಸಿದ ಪಾಠ ಕಾಯುವುದಿಲ್ಲ. ಬಂದೂಕನ್ನು ಖಾಲಿ ಮಾಡಿ ಬೀಗ ಹಾಕಿಟ್ಟ, ಗುಂಡುಗಳನ್ನು ಬೇರೆ ಕಡೆ ಬೀಗದೊಳಗಿಟ್ಟ ಮನೆಗಳಲ್ಲಿ ಹದಿಹರೆಯದವರ ಆತ್ಮಹತ್ಯೆಯೂ ಮಕ್ಕಳ ಆಕಸ್ಮಿಕ ಗಾಯಗಳೂ ಕಡಿಮೆ ಎಂದು 2005ರಲ್ಲಿ ಪ್ರಕಟವಾದ ಇನ್ನೊಂದು ಅಮೆರಿಕನ್ ಅಧ್ಯಯನ ತೋರಿಸಿದೆ.

ನಮ್ಮಲ್ಲೂ ಕೋವಿ ಅಪರೂಪದ ವಸ್ತುವಲ್ಲ. ಮಲೆನಾಡಿನಲ್ಲಿ ಬೆಳೆ ಕಾಯಲು ಪರವಾನಗಿ ಪಡೆದ ಕೋವಿಗಳಿವೆ. ಕೊಡಗಿನಲ್ಲಿ ಕೊಡವರಿಗೂ ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಪರವಾನಗಿಯಿಂದಲೇ ವಿನಾಯಿತಿ ಇದೆ. ಕೈಲ್ ಮುಹೂರ್ತ ಹಬ್ಬದಂದು ಕೋವಿಗೆ ಹೂವಿಟ್ಟು ಪೂಜೆ ನಡೆಯುತ್ತದೆ. ಕೋವಿಯನ್ನು ಗೌರವದಿಂದ ಕಾಣಲು ಮಕ್ಕಳು ಅಲ್ಲಿ ಕಲಿಯುತ್ತಾರೆ, ಅದು ಒಳ್ಳೆಯದೇ. ಆದರೆ ಗೌರವ ಕುತೂಹಲವನ್ನು ತಡೆಯುತ್ತದೆ ಎಂದುಕೊಳ್ಳಬಾರದು.

ಮಗುವನ್ನು ಸ್ನೇಹಿತರ ಮನೆಗೆ ಆಟಕ್ಕೆ ಕಳಿಸುವ ಮುನ್ನ “ಮನೆಯಲ್ಲಿ ಗನ್ ಇದೆಯೇ, ಬೀಗ ಹಾಕಿದ್ದೀರಾ?” ಎಂದು ಕೇಳಿ ಎನ್ನುತ್ತಾರೆ ಅಮೆರಿಕದ ಮಕ್ಕಳ ವೈದ್ಯರು. ಅಲ್ಲಿ ನೆಲೆಸಿದ ಕನ್ನಡ ಕುಟುಂಬಗಳು ಸಂಕೋಚ ಬಿಟ್ಟು ಇದನ್ನು ಕೇಳಬೇಕು. ಬೇಸಿಗೆ ರಜೆಗೆ ಮಕ್ಕಳನ್ನು ಬೆಂಗಳೂರಿನಿಂದ ತೋಟದ ಮನೆಗೆ ಕಳಿಸುವವರೂ ಕೇಳಬೇಕು. ಅಜ್ಜನ ಹತ್ತಿರ ಇಂಥ ಮಾತೆತ್ತುವುದು ಕಷ್ಟ, ನಿಜ. ಆದರೂ ಮಕ್ಕಳು ಬಸ್ ಹತ್ತುವ ಮೊದಲೇ ಫೋನ್ ಮಾಡಿ, ಕೋವಿಗೆ ಬೀಗ ಬಿದ್ದಿದೆಯೇ, ತೋಟೆಗಳು ಬೇರೆ ಕಡೆ ಇವೆಯೇ, ಕೀಲಿಕೈ ಯಾರ ಬಳಿ ಇದೆ ಎಂದು ವಿಚಾರಿಸಿಕೊಳ್ಳಿ.